ದಾಸವಾಳದ ಹಿಟ್ಟು ತಿಗಣೆ: ಬೇವಿನೆಣ್ಣೆಯೋ, ಸ್ಪಿರಿಟ್ಟೋ, ಸೋಪೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೋಪಿಗೆ. ಮೊದಲ ಸಲ ಪೂರ್ತಿ ಕೈಕೊಟ್ಟ ಸೋಪಿಗೇ.

ಮಹಡಿ ಮೇಲೆ 11 ಕುಂಡ, ಅದರಲ್ಲಿ 4 ದಾಸವಾಳ. ಜನವರಿಯಲ್ಲಿ ನೋಡಿದರೆ ಕುಡಿಗಳೆಲ್ಲ ಮುರುಟಿಕೊಂಡಿವೆ, ಸಂದಿಗಳಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳಿ ಬಿಳಿ. ಹಿಟ್ಟು ತಿಗಣೆ, ಅಂದರೆ ಗಿಡದ ರಸ ಹೀರುವ ಮೀಲಿಬಗ್ ಹುಳ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟೆ. ಒಂದಷ್ಟು ಉದುರಿದವು, ಉಳಿದವಕ್ಕೆ ಮೈ ಕೂಡ ಒದ್ದೆಯಾಗಲಿಲ್ಲ. ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿ ಹೋಯಿತು.

ಹೆಸರಿಗೆ ಹಿಟ್ಟು, ಆದರೆ ಅದು ಮೇಣ. ಕೀಟಗಳ ಚರ್ಮದ ಮೇಲೆ ತೆಳ್ಳಗೆ ಒಂದು ಮೇಣದ ಪದರ ಇದ್ದೇ ಇರುತ್ತದೆ. ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಇಂಗಾಲದ ಪರಮಾಣುಗಳು ಸರಪಳಿಯಾಗಿ ಕೂಡಿದ ಹೈಡ್ರೋಕಾರ್ಬನ್ನುಗಳು, ಜೊತೆಗೆ ಕೊಬ್ಬಿನ ಆಮ್ಲ, ಎಸ್ಟರು ಇತ್ಯಾದಿ. ಮೈಯೊಳಗಿನ ನೀರು ಆರಿಹೋಗದಂತೆ ಕಾಯುವುದು ಅದೇ. ಹಿಟ್ಟು ತಿಗಣೆ ಅದರ ಮೇಲೆ ಇನ್ನೊಂದು ಕಂಬಳಿ ಹೊದೆಯುತ್ತದೆ. ಚರ್ಮದ ಸಣ್ಣ ರಂಧ್ರಗಳಿಂದ ಮೇಣದ ಎಳೆಗಳು ಹೊರಗೆ ಬರುತ್ತಲೇ ಇರುತ್ತವೆ. ಹಾಗಾಗಿ ಏನೇ ಕೊಂಡರೂ ಕೇಳಬೇಕಾದ ಪ್ರಶ್ನೆ ಒಂದೇ, ಇದು ಮೇಣ ದಾಟುತ್ತದಾ?

ಬೇವಿನೆಣ್ಣೆ ದಾಟುತ್ತದೆ, ಎಣ್ಣೆಗೆ ಮೇಣ ಅಂದರೆ ನೆಂಟಸ್ತಿಕೆ. ಆದರೆ ಬೆಂಗಳೂರಿನ ಜನವರಿ ಬೆಳಿಗ್ಗೆ ಅದು ಬಾಟಲಿಯಲ್ಲೇ ತುಪ್ಪದ ಹಾಗೆ ಗಟ್ಟಿ. ಬಿಸಿನೀರಲ್ಲಿ ಇಟ್ಟು ಕರಗಿಸಬೇಕು, ನೀರಿಗೆ ಬೆರೆಸಲು ಮತ್ತೆ ಸೋಪೇ ಬೇಕು. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಹುಳ ಪೊರೆ ಬಿಡುವುದನ್ನು ಕೆಡಿಸುತ್ತದೆ, ತಕ್ಷಣ ಕೊಲ್ಲುವುದಿಲ್ಲ. ವಾರವಾದರೂ ಬಿಳಿ ಹಾಗೇ ಇತ್ತು, ಸತ್ತಿದೆಯಾ ಮಲಗಿದೆಯಾ ಗೊತ್ತಾಗದೆ ಕಡ್ಡಿಯಲ್ಲಿ ಒತ್ತಿ ಒತ್ತಿ ನೋಡುತ್ತಾ ಕೂತಿದ್ದೆ. ವಾಸನೆ ಬಗ್ಗೆ ಮನೆಯವರನ್ನು ಕೇಳಿ.

ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಮಾತ್ರ ಮ್ಯಾಜಿಕ್. ಇಯರ್ ಬಡ್ ಅದ್ದಿ ಮುಟ್ಟಿಸಿದರೆ ಸಾಕು, ಬಿಳಿ ಮಾಯವಾಗಿ ಒಳಗಿನ ಗುಲಾಬಿ ಮೈ ಕಾಣುತ್ತದೆ. ನೀರು ಮೇಣದ ಮೇಲೆ ಗುಂಡಾಗಿ ನಿಲ್ಲುತ್ತದೆ, ಸ್ಪಿರಿಟ್ ಸಲೀಸಾಗಿ ಹರಡಿ ಎಳೆಗಳ ನಡುವೆ ಇಳಿಯುತ್ತದೆ. ಒಂದು ಕುಂಡವಾದರೆ ಸರಿ. ನಾಲ್ಕು ದಾಸವಾಳದ ಪ್ರತಿ ಸಂದಿಗೂ ಇಯರ್ ಬಡ್ ಹಿಡಿದು ಕೂರುವ ವ್ಯವಧಾನ ನನಗಿಲ್ಲ.

ಇನ್ನು ಸೋಪು. ಪೊಟ್ಯಾಸಿಯಂ ಸೋಪು ಅಂತ ದ್ರವರೂಪದಲ್ಲಿ ಸಿಗುತ್ತದೆ. ಲೀಟರಿಗೆ 10 ಮಿ.ಲೀ. ಹಾಕಿ, ಬೋರ್ ನೀರಲ್ಲಿ ಕಲಸಿ, ಜೋರಾಗಿ ಹೊಡೆದೆ. ನೊರೆ ಬರಲಿಲ್ಲ. ಇನ್ನಷ್ಟು ಸುರಿದೆ. ನೀರು ಹಾಲಿನ ಹಾಗಾಯಿತು, ಮೊಸರಿನ ಹಾಗೆ ಕಣ ಕಣ ತೇಲಿತು, ಸ್ಪ್ರೇಯರ್ ನಳಿಕೆ ಕಟ್ಟಿಕೊಂಡಿತು. ಪಿನ್ನು ಹಾಕಿ ಬಿಡಿಸಿ ಹೊಡೆದೆ, ಮತ್ತೆ ಕಟ್ಟಿತು. ಮರುದಿನ ಹುಳಗಳು ಆರಾಮಾಗಿದ್ದವು, ಎಲೆ ಮೇಲೆ ಮಾತ್ರ ಬೂದು ಬಣ್ಣದ ಜಿಡ್ಡು. ಸೋಪೇ ಡೂಪ್ಲಿಕೇಟ್ ಅಂತ ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದೆ.

ತಪ್ಪು ಅವನದಲ್ಲ. ಸೋಪಿನ ಅಣುವಿಗೆ ನೀರು ಹಿಡಿಯುವ ತಲೆ, ಕೊಬ್ಬು ಹಿಡಿಯುವ ಬಾಲ. ಬಾಲ ಮೇಣಕ್ಕೆ ಅಂಟಿ, ತಲೆ ನೀರನ್ನು ಒಳಗೆ ಕರೆಯಬೇಕು. ನಮ್ಮ ಬೋರ್ ನೀರಿನಂಥ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬಂದು ಎರಡೆರಡು ತಲೆಗಳನ್ನು ಹಿಡಿದುಬಿಡುತ್ತದೆ, ಆಮೇಲೆ ಅದು ನೀರಲ್ಲಿ ಕರಗುವುದಿಲ್ಲ. ಬಚ್ಚಲಿನ ಬಕೆಟ್ಟಿಗೆ ಅಂಟುವ ಬೂದು ಪದರ ಇದೆಯಲ್ಲ, ಅದೇ. ಅದೂ ಮೇಣದಂಥದ್ದೇ ವಸ್ತು. ಅಂದರೆ ಮೇಣ ತೆಗೆಯಲು ಹೋಗಿ ಗಿಡಕ್ಕೆ ಇನ್ನೊಂದು ಪದರ ಬಳಿದು ಬಂದಿದ್ದೆ!

ಮರುವಾರ ಅಷ್ಟೇ ಸೋಪನ್ನು ಗಡಸುತನ ತೆಗೆದ ಫಿಲ್ಟರ್ (ಆರ್‌ಒ) ನೀರಲ್ಲಿ ಕಲಸಿದೆ. ಬುರುಬುರು ನೊರೆ. ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ತೊಯ್ಯುವ ಹಾಗೆ ಹೊಡೆದೆ, ಒದ್ದೆ ಇರುವವರೆಗೆ ಮಾತ್ರ ಇದರ ಆಟ. ಎರಡನೇ ದಿನ ಹುಳಗಳು ಕಂದಾಗಿ ಬತ್ತಿಹೋಗಿದ್ದವು. ಹತ್ತಿಯಂಥ ಚೀಲದೊಳಗಿನ ಮೊಟ್ಟೆ ಉಳಿಯುತ್ತದೆ, ಹಾಗಾಗಿ ವಾರ ಬಿಟ್ಟು ಇನ್ನೊಂದು ಸುತ್ತು ಬೇಕೇ ಬೇಕು. ಆಗಷ್ಟೇ ಹೊರಬಂದ ಮರಿಗಳಿಗೆ ಇನ್ನೂ ಮೇಣದ ಕಂಬಳಿ ಇರುವುದಿಲ್ಲ, ಸುಲಭವಾಗಿ ಸಿಗುತ್ತವೆ.

ಅಮ್ಮ ಅಂಟುವಾಳ ಹಾಕು ಅಂದಿದ್ದಳು. ಅದು ಬೋರ್ ನೀರಲ್ಲೂ ಚೆನ್ನಾಗಿ ನೊರೆ ಕೊಡುತ್ತದೆ, ಆದರೆ ನನ್ನ ಗಿಡದಲ್ಲಿ ಅರ್ಧ ಹುಳವೂ ಸಾಯಲಿಲ್ಲ. ಬಟ್ಟೆ ಪುಡಿ ಹಾಕಬೇಡಿ, ಎಲೆ ಸುಡುತ್ತದೆ.

ಖರ್ಚಿನಲ್ಲಿ ಸೋಪೇ ಅಗ್ಗ. ತಿಂಗಳಿಗೆ ಎರಡು ಸಂಜೆ, ಎರಡು ಲೀಟರ್ ಫಿಲ್ಟರ್ ನೀರು, ನನ್ನಂಥ ಸೋಮಾರಿಗೆ ಅಷ್ಟು ಸಾಕು. ಒಂದೆರಡು ಹುಳ ಇದ್ದಾಗ ಸ್ಪಿರಿಟ್. ಎಣ್ಣೆ ಬಾಟಲಿ ಯಾರಿಗಾದರೂ ಬೇಕಿದ್ದರೆ ಹೇಳಿ.

ಒಂದು ಎಚ್ಚರಿಕೆ. ಮೈತುಂಬ ಬಿಳಿ ಎಳೆ ಇಳಿಬಿಟ್ಟುಕೊಂಡು, ಹಿಟ್ಟು ತಿಗಣೆಗಿಂತ ದೊಡ್ಡದಾಗಿ, ಚುರುಕಾಗಿ ಓಡಾಡುವ ಹುಳ ಕಂಡರೆ ಬಿಟ್ಟುಬಿಡಿ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಆಸ್ಟ್ರೇಲಿಯಾ ಮೂಲದ್ದು, ಮುಖ್ಯವಾಗಿ ಹಿಟ್ಟು ತಿಗಣೆ ತಿಂದು ಬದುಕುತ್ತದೆ, ಮೇಣದ ವೇಷವೂ ಹಿಟ್ಟು ತಿಗಣೆಯ ಹಾಗೇ. ಗೊತ್ತಿಲ್ಲದೆ ಒಂದನ್ನು ಸ್ಪಿರಿಟ್ ಮುಟ್ಟಿಸಿ ಕೊಂದೆ. ಈಗ ಮೂರನೇ ಕುಂಡದಲ್ಲಿ ಎರಡು ಓಡಾಡುತ್ತಿವೆ, ಆ ಕುಂಡಕ್ಕೆ ಸದ್ಯ ಏನೂ ಹೊಡೆಯುತ್ತಿಲ್ಲ.