ಹೋಟೆಲ್ ರೂಮಲ್ಲಿ ಮಕ್ಕಳ ಬಣ್ಣದಾಟ: ಬಾತ್‌ರೂಮಾ, ರೂಮಿನ ನೆಲಾನಾ?

ಮಳೆಗಾಲದಲ್ಲಿ ಮಡಿಕೇರಿಗೆ ಹೋಗಿ ರೂಮಲ್ಲೇ ಕೂರಬೇಕಾಗಿ ಬಂದರೆ ಮಕ್ಕಳ ಕೈಗೆ ಬಣ್ಣವೋ ಹಿಟ್ಟೋ ಏನಾದರೂ ಕೊಡಲೇಬೇಕು. ಎಲ್ಲಿ ಕೂರಿಸೋದು?

ನೀರಿನ ಬಣ್ಣ, ಕಾರ್ನ್‌ಫ್ಲೋರ್ ಲೋಳೆ ಅಂದ್ರೆ ನನ್ನ ಓಟು ಬಾತ್‌ರೂಮಿಗೆ. ಟೈಲ್ಸ್ ಮೇಲೆ ಏನು ಚೆಲ್ಲಿದರೂ ನೀರು ಹಾಕಿ ತೊಳೆಯಬಹುದು, ಮಗುವನ್ನೂ ಅಲ್ಲೇ ತೊಳೆಯಬಹುದು! ಮೊದಲು ಬಿಳಿ ಟವೆಲ್, ಕಾಲೊರೆಸು, ಟಿಶ್ಯೂ ಎಲ್ಲ ಆಚೆ ಇಡಿ. ಆದರೆ ನೆಲ ಜಾರುತ್ತದೆ, ಬಿಸಿನೀರಿನ ನಲ್ಲಿ ಕೈಗೆ ಸಿಗುತ್ತದೆ. ನೀವು ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂರಬೇಕು. ಕಾರ್ನ್‌ಫ್ಲೋರನ್ನು ಸುಮ್ನೆ ಮೋರಿಗೆ ಬಿಡಬೇಡಿ, ಪೈಪಲ್ಲಿ ತಳ ಕಟ್ಟಿಕೊಳ್ಳುತ್ತದೆ. ಗಟ್ಟಿಯಾದದ್ದನ್ನು ಬಳಿದು ಕವರಿಗೆ ಹಾಕಿ, ಉಳಿದದ್ದನ್ನು ತೊಳೆಯಿರಿ.

ಮೆತ್ತನೆ ಹಿಟ್ಟಿನ ಗೊಂಬೆ, ಅಂಟಿಸುವ ಕೆಲಸಕ್ಕೆ ರೂಮಿನ ನೆಲವೇ ಆರಾಮ. ಬೆಳಕು, ಜಾಗ ಎರಡೂ ಜಾಸ್ತಿ. ಹಾಸೋಕೆ ಪೇಪರ್ ಸಾಲದು, ಒದ್ದೆ ಕೆಳಗಿಳಿಯುತ್ತದೆ. ಹಳೇ ಫ್ಲೆಕ್ಸ್ ಬ್ಯಾನರ್ ಮಡಚಿ ಒಯ್ಯಿರಿ. ಆಟ ಮುಗಿದ ಮೇಲೆ ನಾಲ್ಕೂ ಮೂಲೆ ಹಿಡಿದೆತ್ತಿದರೆ ಕಸವೆಲ್ಲ ನಡುವಿಗೆ ಬರುತ್ತದೆ. ಕಾರ್ಪೆಟ್‌ಗೆ ಹಿಟ್ಟು ಅಂಟಿತೇ? ಒದ್ದೆ ಬಟ್ಟೆಯಿಂದ ಉಜ್ಜಿದರೆ ಇನ್ನಷ್ಟು ಒಳಗೆ ಹೋಗುತ್ತದೆ. ಒಣಗಲು ಬಿಟ್ಟು ಚಮಚದ ಹಿಡಿಯಿಂದ ಕೆರೆಯಿರಿ. ಕಾರ್ಪೆಟ್ ರೂಮಲ್ಲಿ ಬಣ್ಣವಂತೂ ಬೇಡವೇ ಬೇಡ.

ಮನೆಯದೇ ಬಣ್ಣ ಅಂತ ಅರಿಶಿನ ತರೋರಿದ್ದಾರೆ. ಎಲ್ಲೇ ಆಡಿಸಿದರೂ ಅದು ಬೇಡ. ಬಿಳಿ ಬೆಡ್‌ಶೀಟಿಗೆ ತಾಗಿದ ಕಲೆಗೆ ಸೋಪು ಹಚ್ಚಿದರೆ ಕೆಂಪಗಾಗುತ್ತದೆ, ಗೊತ್ತಲ್ವಾ? ಹಾಗೇನಾದರೂ ಆದರೆ ಹೌಸ್‌ಕೀಪಿಂಗ್‌ನವರಿಗೆ ಆಗಲೇ ಹೇಳಿಬಿಡಿ. ಶೀಟನ್ನು ಮಡಚಿ ಬಚ್ಚಿಟ್ಟರೆ ಕಲೆ ಇನ್ನೂ ಹಿಡಿಯುತ್ತದೆ, ಬಿಲ್ಲಿಗೂ ಸೇರಬಹುದು.