ಫ್ಯೂಯೆಲ್ ಲಿಡ್ ರಿಪೇರಿ: ಸ್ಪ್ರಿಂಗ್ ಗೆದ್ದಿತು, ಎಪಾಕ್ಸಿ ಸೋತಿತು

ಚಾಲಕನ ಸೀಟಿನ ಪಕ್ಕದ ಲಿವರ್ ಎಳೆದರೂ ನನ್ನ ಕಾರಿನ ಫ್ಯೂಯೆಲ್ ಲಿಡ್ (ಪೆಟ್ರೋಲ್ ಹಾಕಿಸುವ ಬಾಯಿಯ ಹೊರಮುಚ್ಚಳ) ತೆರೆದುಕೊಳ್ಳದೆ ಹೋದಾಗ, ಮನೆಯಲ್ಲೇ ಸರಿಪಡಿಸಲೆಂದು ಎರಡು ವಸ್ತುಗಳನ್ನು ಕೊಂಡೆ: ಲಿಡ್ಡನ್ನು ಹೊರಕ್ಕೆ ಚಿಮ್ಮಿಸುವ ಉಕ್ಕಿನ ಪಟ್ಟಿ ಸ್ಪ್ರಿಂಗ್ ಒಂದು, ಲಿಡ್ ತಿರುಗುವ, ಬಿರುಕು ಬಿಟ್ಟಿದ್ದ ಪ್ಲಾಸ್ಟಿಕ್ ಕೀಲಿಗೆ (ಹಿಂಜ್) ಹಚ್ಚಲು ಎರಡು ಟ್ಯೂಬಿನ ಎಪಾಕ್ಸಿ ಅಂಟು ಇನ್ನೊಂದು. ಕೆಲವು ತಿಂಗಳು ಬಳಸಿದ ಮೇಲೆ, ಸ್ಪ್ರಿಂಗನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಅಂಟನ್ನು ಮಾತ್ರ ಎಲ್ಲರಿಗೂ ಹೇಳಲಾರೆ.

ಸ್ಪ್ರಿಂಗ್ ಕೊಳ್ಳುವ ಮೊದಲು ದೋಷ ಎಲ್ಲಿದೆಯೆಂದು ತಿಳಿದುಕೊಳ್ಳಬೇಕು. ಮನೆಯವರೊಬ್ಬರು ಲಿವರ್ ಎಳೆದು ಹಿಡಿದಿರುವಾಗ ನಾನು ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಲಿಡ್ಡಿನ ಅಂಚಿಗೆ ತೂರಿಸಿ ಮೆಲ್ಲಗೆ ಮೀಟಿದೆ, ಲಿಡ್ ತೆರೆದುಕೊಂಡಿತು. ಹಾಗೆ ತೆರೆದುಕೊಂಡರೆ ಲಿವರಿನ ಕೇಬಲ್ ಮತ್ತು ಲಿಡ್ಡನ್ನು ಹಿಡಿದಿಡುವ ಕೊಂಡಿ ಎರಡೂ ಕೆಲಸ ಮಾಡುತ್ತಿವೆ, ಸ್ಪ್ರಿಂಗ್ ಸೋತಿದೆ ಅಥವಾ ಕೀಲು ಬಿಗಿದುಕೊಂಡಿದೆ ಎಂದರ್ಥ. ಲಿವರ್ ಯಾವ ಬಿಗಿಯೂ ಇಲ್ಲದೆ ಸಡಿಲವಾಗಿ ಕೈಗೆ ಬಂದರೆ ಕೇಬಲ್ ತುಂಡಾಗಿರುತ್ತದೆ ಇಲ್ಲವೇ ಕೊಕ್ಕೆಯಿಂದ ಕಳಚಿರುತ್ತದೆ. ಆಗ ಹೊಸ ಸ್ಪ್ರಿಂಗ್ ಹಾಕಿ ಪ್ರಯೋಜನವಿಲ್ಲ. ಸ್ಕ್ರೂಡ್ರೈವರಿನಿಂದ ಮೀಟುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಬಣ್ಣ ಕಿತ್ತುಬಂದ ಜಾಗದಿಂದಲೇ ತುಕ್ಕು ಶುರುವಾಗುತ್ತದೆ.

ಹೊರತೆಗೆದ ಹಳೆಯ ಸ್ಪ್ರಿಂಗಿನ ಬಾಗು ಬಹುತೇಕ ಚಪ್ಪಟೆಯಾಗಿತ್ತು. ಅದರ ತುದಿ ಮುಟ್ಟಿದರೆ ಬೆರಳಿಗೆ ಕಂದು ಪುಡಿ ಅಂಟುತ್ತಿತ್ತು. ಇಕ್ಕಳದಿಂದ ಅದನ್ನೇ ಬಾಗಿಸಿ ಮತ್ತೆ ಹಾಕಿ ನೋಡಿದ್ದೆ, ಎರಡು ವಾರಕ್ಕೆ ಮತ್ತೆ ಸೋತಿತು. ಹೊಸದನ್ನು ಚೂಪು ಮೂತಿಯ ಇಕ್ಕಳದಲ್ಲಿ ಹಿಡಿದು ಸೀಳಿನೊಳಕ್ಕೆ ತಳ್ಳಿದಾಗ ಟಕ್ಕೆಂದು ಕೂತಿತು. ಹತ್ತು ನಿಮಿಷದ ಕೆಲಸ. ಈಗ ಲಿವರ್ ಎಳೆದ ಕೂಡಲೇ ಲಿಡ್ ಒಂದು ಬೆರಳು ತೂರುವಷ್ಟು ಹೊರಬರುತ್ತದೆ. ಸ್ಪ್ರಿಂಗಿನ ಆಕಾರ ಕಾರಿನಿಂದ ಕಾರಿಗೆ ಬೇರೆಯಾಗಿರುವುದರಿಂದ ಹಳೆಯದನ್ನು ಜೊತೆಗಿಟ್ಟುಕೊಂಡೇ ಕೊಳ್ಳುವುದು ಒಳ್ಳೆಯದು.

ಅಂಟು ಮೂರನೆಯ ದಿನಕ್ಕೆ ಸಿಪ್ಪೆಯಂತೆ ಇಡಿಯಾಗಿ ಎದ್ದುಬಂತು. ಆದರೆ ತಪ್ಪನ್ನು ಅದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕೀಲಿನ ಹಿಂಬದಿಯಲ್ಲಿ ‘ಪಿಪಿ’ ಎಂಬ ಅಚ್ಚಿದ್ದುದನ್ನು ನಾನು ಆಮೇಲೆ ಗಮನಿಸಿದೆ. ಅದು ಪಾಲಿಪ್ರೊಪಿಲೀನ್, ಮೇಣದಂತೆ ನುಣುಪಾದ ಅದರ ಮೈಗೆ ಸಾಮಾನ್ಯ ಎಪಾಕ್ಸಿ ಹಿಡಿಯುವುದಿಲ್ಲ. ‘ಎಬಿಎಸ್’ (ಇನ್ನೊಂದು ಬಗೆಯ ಪ್ಲಾಸ್ಟಿಕ್) ಎಂಬ ಅಚ್ಚಿರುವ ಭಾಗವನ್ನು ಮರಳುಕಾಗದದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಅಂಟು ಹಚ್ಚಿ 24 ಗಂಟೆ ಅಲುಗಿಸದೆ ಬಿಟ್ಟರೆ ಇದೇ ಎಪಾಕ್ಸಿ ಗಟ್ಟಿಯಾಗಿ ಕೂರುತ್ತದೆ. ನಾನು ಕೊನೆಗೆ ಎರಡು ತಿರುಪು ಬಿಚ್ಚಿ ಕೀಲನ್ನೇ ಬದಲಿಸಿದೆ. ಅಂಟು ಬೇಗ ಒಣಗಲೆಂದು ಹೇರ್ ಡ್ರೈಯರ್ ಹಿಡಿಯುವುದಾಗಲಿ, ಬಿಸಿ ಅಂಟಿನ ಗನ್ ಬಳಸುವುದಾಗಲಿ ಪೆಟ್ರೋಲ್ ಆವಿ ಇರುವ ಆ ಜಾಗದಲ್ಲಿ ಖಂಡಿತ ಕೂಡದು. ಒಳಗಿನ ಕ್ಯಾಪ್ ಬಿಗಿಯಾಗಿ ಮುಚ್ಚಿದೆಯೆಂದು ನೋಡಿಕೊಂಡೇ ಕೆಲಸಕ್ಕೆ ಕೈ ಹಾಕಬೇಕು.

ಮೋಟರಿನಿಂದ ಕೊಂಡಿ ಬಿಚ್ಚಿಕೊಳ್ಳುವ ಲಿಡ್ ನಿಮ್ಮದಾದರೆ, ಮೋಟರ್ ಕೆಟ್ಟಾಗ ಈ ಸ್ಪ್ರಿಂಗ್ ನೆರವಾಗದು. ಅಂಥ ಹಲವು ಕಾರುಗಳಲ್ಲಿ ಡಿಕ್ಕಿಯ ಒಳಹೊದಿಕೆಯ ಹಿಂದೆ ತುರ್ತಿಗೆಂದು ಒಂದು ದಾರವಿರುತ್ತದೆ, ಅದರ ಜಾಗ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ. ಉಳಿದವರು ಸ್ಪ್ರಿಂಗ್ ಹಾಕುವಾಗಲೇ ಕೀಲಿಗೂ ಕೊಂಡಿಯ ಕಡ್ಡಿಗೂ ಬಿಳಿ ಲಿಥಿಯಂ ಗ್ರೀಸ್ ತುಸು ಸವರಿ, ಟ್ಯಾಂಕಿನ ಬಾಯಿಯ ಸುತ್ತಲಿನ ಗುಂಡಿಯಲ್ಲಿ ನೀರು ಇಳಿಯಲು ಬಿಟ್ಟಿರುವ ತೂತನ್ನು ಶುಚಿ ಮಾಡಿಬಿಡಿ. ನನ್ನ ಕಾರಿನಲ್ಲಿ ಆ ತೂತು ಕೆಸರಿನಿಂದ ಕಟ್ಟಿಕೊಂಡಿತ್ತು, ಹಳೆಯ ಸ್ಪ್ರಿಂಗ್ ಅಲ್ಲಿ ನಿಂತ ನೀರಿನಲ್ಲೇ ತುಕ್ಕು ಹಿಡಿದಿತ್ತು.