ಕೌಚ್ ಟು ಫೈವ್ ಕೆ: ಲೆಕ್ಕ ಹಾಕಿಕೊಂಡು ಓಡಿದವಳ ಅಭಿಪ್ರಾಯ

ಕೌಚ್ ಟು ಫೈವ್ ಕೆ ಅಂದರೆ 'ಸೋಫಾದಿಂದ 5 ಕಿ.ಮೀ.ಗೆ', ಓಡಿ ಅಭ್ಯಾಸವೇ ಇಲ್ಲದವರಿಗೆ ಹಂತ ಹಂತವಾಗಿ ಓಟ ಕಲಿಸುವ ಯೋಜನೆ. ಮೊದಲ ದಿನ ಓಡಬೇಕಾದದ್ದು ಒಟ್ಟು 8 ನಿಮಿಷ. ಅದೂ ಒಂದೇ ಸಲಕ್ಕಲ್ಲ. 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಎಂಟು ಸಲ. ಶುರುವಿಗೆ 5 ನಿಮಿಷ ಚುರುಕಾದ ನಡಿಗೆ ಬೇರೆ. ಓದಿದಾಗ ನಗು ಬಂತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ವಯಸ್ಸು 46. ದಿನವಿಡೀ ನಿಂತೇ ಪಾಠ ಮಾಡುವವಳಿಗೆ ಒಂದು ನಿಮಿಷ ಓಡುವುದು ಯಾವ ಮಹಾ ಅಂದುಕೊಂಡೆ. ಮೂರನೇ ಸುತ್ತಿಗೆ ಬಲ ಪಕ್ಕೆ ಹಿಡಿದುಕೊಂಡಿತು. ಐದನೆಯದಕ್ಕೆ ಎರಡೂ ಕೈ ಸೊಂಟದ ಮೇಲೆ. ಉಳಿದ ಮೂರು ಸುತ್ತು ಆ ದಿನ ಬಾಕಿಯೇ ಉಳಿಯಿತು.

ಈ ಯೋಜನೆ ಹೊಸದೇನಲ್ಲ. ಜಾಷ್ ಕ್ಲಾರ್ಕ್ ಎಂಬ ಅಮೆರಿಕದವರು 1996ರಲ್ಲಿ, ಐವತ್ತು ದಾಟಿದ ತಮ್ಮ ತಾಯಿಯೂ ಓಡುವ ಹಾಗಾಗಲಿ ಎಂದು ಇದನ್ನು ಮಾಡಿದರು. ಒಂಬತ್ತು ವಾರ, ವಾರಕ್ಕೆ ಮೂರು ದಿನ, ಅಂದರೆ 27 ಓಟ. ಈಗ ಇದರ ಮೇಲೆ ಕಟ್ಟಿದ ಆ್ಯಪ್‌ಗಳು ಬೇಕಾದಷ್ಟಿವೆ. ಮಗಳು ಅದರಲ್ಲೊಂದನ್ನು ನನ್ನ ಫೋನಿಗೆ ಹಾಕಿ, "ಅಮ್ಮಾ, ಅದು ಓಡು ಅಂದಾಗ ಓಡು, ನಿಲ್ಲು ಅಂದಾಗ ನಿಲ್ಲು, ಮಧ್ಯೆ ನಿನ್ನ ಬುದ್ಧಿ ಓಡಿಸಬೇಡ" ಅಂದಳು. ಓಡಿಸದೆ ಇರುತ್ತೇನೆಯೇ?

ಮೊದಲ ತಪ್ಪು ವೇಗದ್ದು. ಓಟ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಶಾಲೆಯ ಕ್ರೀಡಾಕೂಟದ ನೂರು ಮೀಟರ್. ಬೀಪ್ ಅಂದ ತಕ್ಷಣ ಹಲ್ಲು ಕಚ್ಚಿ ನುಗ್ಗುತ್ತಿದ್ದೆ. ನನ್ನ ಆ್ಯಪ್ ಎಷ್ಟು ಹೊತ್ತು ಓಡಬೇಕು ಅಂತ ಸೆಕೆಂಡ್ ಲೆಕ್ಕದಲ್ಲಿ ಹೇಳುತ್ತದೆ, ಎಷ್ಟು ಜೋರಾಗಿ ಅಂತ ಬಾಯಿ ಬಿಡುವುದಿಲ್ಲ. ಹೊಸಬರಿಗೆ ಬೇಕಾದದ್ದೇ ಅದು ಅಲ್ವಾ? ಓಡುತ್ತಲೇ ಮಾತಾಡಲು ಆಗಬೇಕು, ಅಷ್ಟು ನಿಧಾನ ಇರಬೇಕು ಅನ್ನುವುದು ಗೊತ್ತಾಗಿದ್ದು ಎರಡನೇ ವಾರ. ಜೊತೆಗೆ ಮಾತಾಡಲು ಯಾರೂ ಇರಲಿಲ್ಲ. ಅದಕ್ಕೆ ಹದಿಮೂರರ ಮಗ್ಗಿ ಹೇಳಿಕೊಳ್ಳಲು ಶುರು ಮಾಡಿದೆ. ಹದಿಮೂರಾರ್ಲೆ ಎಪ್ಪತ್ತೆಂಟರ ಹತ್ತಿರ ಉಸಿರು ಕಟ್ಟಿದರೆ ವೇಗ ಜಾಸ್ತಿ ಎಂದರ್ಥ. ಕೊನೆಯವರೆಗೂ ಹೇಳಲು ಬಂದರೆ ಸರಿ. ಮೈದಾನದಲ್ಲಿ ಒಂದಿಬ್ಬರು ತಿರುಗಿ ನೋಡಿದರು. ನೋಡಲಿ ಬಿಡಿ. "ನಡೆಯೋರೇ ನಿನ್ನ ದಾಟ್ಕೊಂಡು ಹೋದ್ರಲ್ಲೇ" ಅಂತ ನಮ್ಮ ಮನೆಯವರು ಹೇಳಿದ್ದು ನಿಜ. ಆದರೆ ಅವತ್ತೇ ಮೊದಲ ಸಲ ಪಕ್ಕೆ ಹಿಡಿಯದೆ ಪೂರ್ತಿ ಮುಗಿಸಿದ್ದೂ ನಿಜ.

ಎರಡನೇ ತಪ್ಪು ಪೂರ್ತಿ ನನ್ನದೇ. ಮೂರನೇ ವಾರ ಹುರುಪು ಹೆಚ್ಚಾಗಿ ನಾಲ್ಕು ದಿನ ಸತತವಾಗಿ ಓಡಿದೆ. ಯೋಜನೆಯಲ್ಲಿ ಒಂದು ದಿನ ಬಿಟ್ಟು ಒಂದು ದಿನ ಅಂತಿರುವುದು ಸುಮ್ನೆ ಅಲ್ಲ. ಉಸಿರು ಬೇಗ ಪಳಗುತ್ತದೆ. ಮೂಳೆ, ಸ್ನಾಯುರಜ್ಜು ಅಷ್ಟು ಬೇಗ ಪಳಗುವುದಿಲ್ಲ. ಇನ್ನೂ ಓಡಬಲ್ಲೆ ಅಂತ ಎದೆ ಹೇಳುತ್ತಿತ್ತು, ಕಾಲು ಒಪ್ಪಲಿಲ್ಲ. ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿ ಉದ್ದಕ್ಕೂ ನೋವು. ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಅನ್ನುತ್ತಾರಂತೆ. ಹತ್ತು ದಿನ ಓಟ ಬಂದ್. ಮತ್ತೆ ಎರಡನೇ ವಾರಕ್ಕೆ ಹಿಂದೆ ಹೋದೆ.

ಶೂ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಯವರು ನನ್ನ ಮಾಮೂಲಿ ಅಳತೆಯದನ್ನೇ ಕೊಟ್ಟು, ಬಿಗಿ ಇದ್ದರೆ ಹಾಕ್ತಾ ಹಾಕ್ತಾ ಸಡಿಲ ಆಗುತ್ತದೆ ಅಂದರು. ಸಡಿಲ ಆಗಲಿಲ್ಲ, ಹೆಬ್ಬೆರಳಿನ ಉಗುರು ಕಪ್ಪಾಯಿತು. ಓಡುವಾಗ ಪಾದ ಸ್ವಲ್ಪ ಊದುತ್ತದೆ. ಕಾಲಿನ ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಸಂಜೆ ಹೊತ್ತು ಹೋಗಿ ಹಾಕಿ ನೋಡಿ. ದಿನವಿಡೀ ಓಡಾಡಿದ ಪಾದ ಆಗ ತುಸು ದೊಡ್ಡದಾಗಿರುತ್ತದೆ.

ಇನ್ನು ಐದನೇ ವಾರ. ಈ ಯೋಜನೆಯ ಜೀವ ಇರುವುದು ಅಲ್ಲೇ. ಮೊದಲ ದಿನ 5 ನಿಮಿಷದ ಓಟ ಮೂರು ಸಲ, ಮಧ್ಯೆ ನಡಿಗೆ. ಎರಡನೇ ದಿನ 8 ನಿಮಿಷದ್ದು ಎರಡು ಸಲ. ಮೂರನೇ ದಿನ ನಿಲ್ಲದೆ 20 ನಿಮಿಷ. ಯೋಜನೆಯ ಪಟ್ಟಿ ನೋಡಿ ಅಚ್ಚಿನ ತಪ್ಪೇ ಅಂದುಕೊಂಡೆ. ಒಟ್ಟು ಓಟ ಕೂಡಿಸಿದರೆ 15, 16, 20. ಬರೀ 4 ನಿಮಿಷ ಜಾಸ್ತಿ. ಆದರೆ ಒಂದೇ ಸಲಕ್ಕೆ ಓಡುವುದು 8ರಿಂದ 20ಕ್ಕೆ ಹಾರುತ್ತದೆ, ಎರಡೂವರೆ ಪಟ್ಟು! ಹಿಂದಿನ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಓಡಿದ್ದು ಮಾತ್ರ ಸಲೀಸು. ನಡಿಗೆ ಸಿಗುವುದಿಲ್ಲ ಅಂತ ಗೊತ್ತಿದ್ದಾಗ ನಾನಾಗಿಯೇ ನಿಧಾನ ಓಡಿದೆ, ಅಷ್ಟೇ. 12ನೇ ನಿಮಿಷದಲ್ಲಿ ಒಂದು ಸಲ ಮನಸ್ಸು ಕೈಕೊಟ್ಟಿತು. ಆಮೇಲೆ ಹದಿನೇಳರ ಮಗ್ಗಿ ಹಿಡಿದೆ.

ತಮಾಷೆ ಅಂದರೆ ಆರನೇ ವಾರದ ಮೊದಲ ದಿನ ಮತ್ತೆ 5, 8, 5 ನಿಮಿಷ, ಮಧ್ಯೆ ನಡಿಗೆ. ಅದೇ ಕಷ್ಟ ಆಯಿತು. ನಿಂತು ನಿಂತು ಮತ್ತೆ ಹೊರಡುವುದಕ್ಕಿಂತ ಒಂದೇ ಸಮ ಹೋಗುವುದೇ ಮೇಲು ಅನಿಸಿತು. ಏಳು, ಎಂಟು, ಒಂಬತ್ತನೇ ವಾರ 25, 28, 30 ನಿಮಿಷ. ಅವುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಬೇಜಾರು ಒಂದು ಬಿಟ್ಟರೆ.

ನನ್ನ ತಕರಾರು ಹೆಸರಿನದ್ದು. ಕೊನೆಯ ಗುರಿ 5 ಕಿ.ಮೀ. ಅಥವಾ 30 ನಿಮಿಷ, ಎರಡರಲ್ಲಿ ಒಂದು. ಎರಡೂ ಒಂದೇ ಆಗಬೇಕಾದರೆ ಕಿಲೋಮೀಟರಿಗೆ 6 ನಿಮಿಷದ ವೇಗ ಬೇಕು. ನಾನು ಕೊನೆಯ ದಿನ 30 ನಿಮಿಷದಲ್ಲಿ ಓಡಿದ್ದು 3.75 ಕಿ.ಮೀ. ಕಿಲೋಮೀಟರಿಗೆ ಸರಿಯಾಗಿ 8 ನಿಮಿಷ. ಅದೇ ಲೆಕ್ಕದಲ್ಲಿ 5 ಕಿ.ಮೀ.ಗೆ 40 ನಿಮಿಷ ಬೇಕು. ಹೆಸರು ನಂಬಿದವರಿಗೆ ಅವತ್ತು ಸೋತ ಹಾಗೆ ಅನಿಸುತ್ತದೆ. ನನಗೂ ಅನಿಸಿತು, ಮನೆಗೆ ಬಂದು ಭಾಗಾಕಾರ ಮಾಡುವವರೆಗೆ. ಆಮೇಲೆ ವಾರಕ್ಕೆ ಎರಡೋ ಮೂರೋ ನಿಮಿಷ ಸೇರಿಸುತ್ತಾ ಹೋಗಿ, ಇನ್ನೊಂದು ತಿಂಗಳಿಗೆ 5 ಕಿ.ಮೀ. ಮುಟ್ಟಿದೆ. 41 ನಿಮಿಷ.

ಒಂಬತ್ತು ವಾರದ್ದು ನನಗೆ ಹದಿಮೂರು ವಾರ ಹಿಡಿಯಿತು. ವಾರಗಳನ್ನು ಮತ್ತೆ ಮಾಡುವುದು ಫೇಲಾದ ಹಾಗೆ ಅಲ್ಲ, ಯಾರೂ ಹಾಜರಿ ತೆಗೆದುಕೊಳ್ಳುವುದಿಲ್ಲ. ಹೃದಯದ ತೊಂದರೆ, ಮಂಡಿ ನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಮಾರ್ಕ್ಸ್ ಕೊಡುವ ಚಾಳಿ ಬಿಟ್ಟುಹೋಗುವುದಿಲ್ಲ. ಯೋಜನೆಗೆ 10ಕ್ಕೆ 9, ಹೆಸರಿಗಾಗಿ ಒಂದು ಕಳೆದೆ. ನಾನು ಬಳಸಿದ ಆ್ಯಪಿಗೆ 10ಕ್ಕೆ 5. ವೇಗದ ಬಗ್ಗೆ ತುಟಿ ಬಿಚ್ಚದೆ, ನಾನು ನಿಂತು ಏದುಸಿರು ಬಿಡುವಾಗಲೂ "ಅದ್ಭುತ!" ಅನ್ನುತ್ತಿತ್ತು. ನಾಲ್ಕನೇ ವಾರದ ಹೊತ್ತಿಗೆ ಅದನ್ನು ತೆಗೆದುಹಾಕಿ ನಿಮಿಷಗಳನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು, ಕೈಗಡಿಯಾರ ನೋಡಿಕೊಂಡು ಓಡಿದೆ. ಬೆವರಿಗೆ ಅಳಿಸಿಹೋಗುತ್ತದೆ, ಬಾಲ್ ಪೆನ್ ಬಳಸಿ.